2147483647 ಅವಿಭಾಜ್ಯ ಅಂತ ಕಂಪ್ಯೂಟರ್ ಇಲ್ಲದೆ ಹೇಗೆ ಗೊತ್ತಾಯ್ತು?

ಹಾಸನದಲ್ಲಿ ಡಿಪ್ಲೊಮಾ ಓದುತ್ತಿರುವ ಹುಡುಗನ ಪ್ರಶ್ನೆ: "ಸರ್, ಪ್ರೋಗ್ರಾಂನಲ್ಲಿ ಲೆಕ್ಕ 2147483647 ದಾಟಿದ್ರೆ ಮೈನಸ್ ಆಗಿಬಿಡುತ್ತೆ. ಅದು ಅವಿಭಾಜ್ಯ ಸಂಖ್ಯೆ ಅಂತ 1772ರಲ್ಲೇ ಗೊತ್ತಿತ್ತಂತೆ. ಕೈಲೆಕ್ಕದಲ್ಲಿ ಅದು ಹೇಗೆ ಸಾಧ್ಯ?"

ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಮಾಡಿದವರು ಗಣಿತಜ್ಞ ಆಯ್ಲರ್. ಆ ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಲೇ ಇರಲಿಲ್ಲ.

ಮೊದಲು ಸಕಲೇಶಪುರದ ಕಡೆಯ ಕಾಫಿ ಗೋದಾಮು ನೆನೆಸಿಕೊಳ್ಳಿ. 24 ಮೂಟೆ ಇದ್ದರೆ ಆರಾರರಂತೆ ನಾಲ್ಕು ಸಾಲು ಆಗುತ್ತದೆ. 23 ಇದ್ದರೆ ಏನು ಮಾಡಿದರೂ ಸಮನಾದ ಸಾಲು ಕೂರುವುದಿಲ್ಲ. ಅದೇ ಅವಿಭಾಜ್ಯ. 2047 ಮೂಟೆ ಇದ್ದರೆ? ನೋಡಿದರೆ ಅವಿಭಾಜ್ಯದ ಹಾಗೇ ಕಾಣುತ್ತದೆ, ಆದರೆ 89ರಂತೆ 23 ಸಾಲು ಸರಿಯಾಗಿ ಕೂರುತ್ತದೆ.

ಈ 2047 ಸುಮ್ನೆ ಆರಿಸಿದ್ದಲ್ಲ. 2ನ್ನು 11 ಸಲ ಗುಣಿಸಿ 1 ಕಳೆದರೆ ಬರುವುದು ಇದೇ. ನಿಮ್ಮ ಸಂಖ್ಯೆಯೂ ಇದೇ ಮನೆತನದ್ದು, 11ರ ಜಾಗದಲ್ಲಿ 31.

ಈಗ ಒಂದು ಪೆನ್ನು ತಗೊಳ್ಳಿ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ, 23 ದಾಟಿದಾಗೆಲ್ಲ 23 ಕಳೆಯಿರಿ: 1, 2, 4, 8, 16, 9, 18, 13, 3, 6, 12. ಮುಂದಿನದು 24, ಅಂದರೆ ಮತ್ತೆ 1. ಸರಿಯಾಗಿ 11 ಹೆಜ್ಜೆಗೆ ಸುತ್ತು ಮುಗಿಯಿತು, ಯಾಕಂದರೆ 2ನ್ನು 11 ಸಲ ಗುಣಿಸಿ 1 ಕಳೆದ 2047ನ್ನು 23 ಭಾಗಿಸುತ್ತದೆ. ಬಿಟ್ಟುಹೋದ 5ರಿಂದ ಶುರು ಮಾಡಿದರೂ 11ರದ್ದೇ ಇನ್ನೊಂದು ಸುತ್ತು. ಎರಡು ಸುತ್ತಿಗೆ 1ರಿಂದ 22ರವರೆಗೆ ಎಲ್ಲವೂ ಖಾಲಿ. ಅಂದರೆ 23ರಲ್ಲಿ 1 ಕಳೆದರೆ ಉಳಿಯುವುದು 11ರ ಮಗ್ಗಿಯಲ್ಲೇ ಇರಬೇಕು. 89ರಲ್ಲೂ ಅಷ್ಟೇ: 88.

ಹಾಗಾಗಿ 2147483647ನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದರಲ್ಲಿ 1 ಕಳೆದಾಗ 31ರ ಮಗ್ಗಿಯ ಸಂಖ್ಯೆ ಸಿಗಬೇಕು. ಭಾಜಕ ಬೆಸವಾದ್ದರಿಂದ ಅದು 62ರ ಮಗ್ಗಿಯೇ ಆಗುತ್ತದೆ. ಜೊತೆಗೆ, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು ಅನ್ನುವ ಇನ್ನೊಂದು ಜರಡಿಯೂ ಇದೆ. ಅದರ ಕಾರಣ ಸ್ವಲ್ಪ ಉದ್ದ, ಇಲ್ಲಿ ಬಿಡೋಣ.

ಎರಡೂ ಜರಡಿ ಹಿಡಿದ ಮೇಲೆ ಏನು ಉಳಿಯಿತು ನೋಡಿ. ಮೊದಲ ಅವಿಭಾಜ್ಯವೇ 311. ಭಾಗಿಸಿದರೆ ಶೇಷ 35. ಮುಂದಿನದು ಒಂದೇ ನೆಗೆತಕ್ಕೆ 1303, ಶೇಷ 226. 1303ರವರೆಗೆ ಇನ್ನೂರಕ್ಕೂ ಜಾಸ್ತಿ ಅವಿಭಾಜ್ಯಗಳಿವೆ, ನಮಗೆ ಬೇಕಾದದ್ದು ಎರಡೇ ಭಾಗಾಕಾರ! ವರ್ಗಮೂಲದವರೆಗೆ, ಅಂದರೆ 46340ರವರೆಗೆ ಹೋದರೆ ಸಾಕು. ಅಷ್ಟರಲ್ಲಿ 4700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ, ಪರೀಕ್ಷಿಸಬೇಕಾದವು ನೂರನ್ನೂ ಮುಟ್ಟುವುದಿಲ್ಲ. ತಾಳ್ಮೆ ಇದ್ದರೆ ಕೈಲೇ ಮುಗಿಸಬಹುದು, ಅಲ್ವಾ?

2024ರಲ್ಲಿ ಸಿಕ್ಕ 41024320 ಅಂಕಿಗಳ ಅವಿಭಾಜ್ಯವೂ ಇದೇ ಮನೆತನದ್ದು. ಅದಕ್ಕೆ ಮಾತ್ರ ಕಂಪ್ಯೂಟರೇ ಬೇಕು, ಪರೀಕ್ಷೆಯ ದಾರಿಯೂ ಬೇರೆ.

ನಿಮಗೆ ಚಿಕ್ಕದೊಂದು ಕೊಡುತ್ತೇನೆ: 8191. 2ನ್ನು 13 ಸಲ ಗುಣಿಸಿ 1 ಕಳೆದದ್ದು. ವರ್ಗಮೂಲ 90ರ ಚೂರು ಮೇಲೆ. ಮೊದಲ ಜರಡಿಯಲ್ಲಿ 53 ಮತ್ತು 79 ಮಾತ್ರ ನಿಲ್ಲುತ್ತವೆ. ಎರಡನೆಯದರಲ್ಲಿ 53 ಕೂಡ ಬಿದ್ದುಹೋಗುತ್ತದೆ. ಉಳಿದ ಆ ಒಂದು ಭಾಗಾಕಾರ ನೀವೇ ಮಾಡಿ.