ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಬಾನೆಟ್ ಮೂಲೆ ಒತ್ತಿ ನೋಡಿ

"ಡ್ಯಾಶ್‌ಬೋರ್ಡ್ ಕಟಕಟ ಅಂತಿದೆ, ಒಮ್ಮೆ ಪೂರ್ತಿ ಬಿಚ್ಚಿ ಟೈಟ್ ಮಾಡಿಬಿಡಿ." ಪುಣೆಯ ನಮ್ಮ ಗ್ಯಾರೇಜಿಗೆ ಹತ್ತು ವರ್ಷ ದಾಟಿದ ಕಾರು ತರುವವರು ಹೆಚ್ಚಾಗಿ ಹೀಗೇ ಹೇಳುತ್ತಾರೆ. ನನ್ನ ಉತ್ತರವೂ ಹೆಚ್ಚಾಗಿ ಒಂದೇ: ಬೇಡ, ಸದ್ಯಕ್ಕಂತೂ ಬೇಡ. ಬಿಸಿಲಿಗೆ ಒಣಗಿದ ಹಳೇ ಪ್ಲಾಸ್ಟಿಕ್ ಲಾಕುಗಳು ಎಷ್ಟು ಹುಷಾರಾಗಿ ಎಳೆದರೂ ಒಂದೆರಡು ಮುರಿದೇ ಮುರಿಯುತ್ತವೆ, ಸ್ಕ್ರೂ ಕೂರುವ ಗೂಟಗಳು ಸೀಳುತ್ತವೆ, ಹಿಂದಿನ ವೈರಿಂಗ್ ಮೊದಲಿದ್ದ ಜಾಗದಲ್ಲಿ ಮತ್ತೆ ಕೂರುವುದಿಲ್ಲ. ಒಂದು ಸದ್ದು ಹೋಗಿ ನಾಲ್ಕಾಗುತ್ತದೆ.

ಮೊದಲು ಗಾಡಿ ಖಾಲಿ ಮಾಡಿ. ಗ್ಲವ್ ಬಾಕ್ಸ್, ಬಾಗಿಲಿನ ಪಾಕೆಟ್, ಕನ್ನಡಕದ ಡಬ್ಬ, ಸೀಟಿನ ಕೆಳಗಿನ ಜ್ಯಾಕ್, ಚಿಲ್ಲರೆ ಕಾಸು, ಎಲ್ಲ. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಪಾರ್ಸೆಲ್ ಟ್ರೇ ಕೂಡ ತೆಗೆದಿಡಿ. ಹಿಂದಿನ ಸದ್ದು ಮುಂದಿನ ಗಾಜಿಗೆ ಬಡಿದು ವಾಪಸ್ ಕಿವಿಗೆ ಬರುವುದರಿಂದ ಡ್ಯಾಶ್‌ಬೋರ್ಡಿನಲ್ಲೇ ಆಗ್ತಿದೆ ಅನ್ನಿಸುತ್ತದೆ. ಆಮೇಲೆ ಟೈರಿನ ಗಾಳಿ ನೋಡಿ. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಿರುವಷ್ಟೇ ಇರಲಿ. ಮೈಲೇಜ್ ಸಿಗುತ್ತೆ ಅಂತ 40 ಪಿಎಸ್‌ಐ ತುಂಬಿಸಿಕೊಂಡು ಓಡಾಡುವವರಿದ್ದಾರೆ. ಗಟ್ಟಿ ಟೈರು ರಸ್ತೆಯ ಏಟನ್ನೆಲ್ಲ ಒಳಗೆ ದಾಟಿಸುವ ಅಂಥ ಗಾಡಿಯಲ್ಲಿ ಡ್ಯಾಶ್‌ಬೋರ್ಡ್ ಸುಮ್ನಿರಬೇಕು ಅಂದರೆ ಹೇಗೆ?

ಇಷ್ಟಾದ ಮೇಲೂ ಸದ್ದಿದ್ದರೆ ಕಿವಿಗೆ ಕೆಲಸ. ಎರಡು ವಸ್ತು ಬಡಿದುಕೊಂಡರೆ ಕಟಕಟ, ಉಜ್ಜಿಕೊಂಡರೆ ಕಿರ್ ಕಿರ್. ಕಟಕಟಕ್ಕೆ ಕಾರಣ ಏನೋ ಸಡಿಲವಾಗಿದೆ, ಅದಕ್ಕೆ ಆಸರೆ ಬೇಕು. ಕಿರ್ ಅನ್ನುವುದು ಎರಡು ಮೈಗಳು ಒಂದು ಕ್ಷಣ ಅಂಟಿ, ಮರುಕ್ಷಣ ಜಾರಿ, ಮತ್ತೆ ಅಂಟುವುದರಿಂದ. ಅಲ್ಲಿ ಸ್ಕ್ರೂ ಬಿಗಿ ಮಾಡಿದರೆ ಕೆಲವೊಮ್ಮೆ ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ಉಜ್ಜುವ ಒತ್ತಡ ಹೆಚ್ಚಿತು. ಅಲ್ಲಿ ಬೇಕಿರುವುದು ಎರಡರ ನಡುವೆ ಒಂದು ಮೆತ್ತನೆ ಪದರ. ಈ ವ್ಯತ್ಯಾಸ ತಿಳಿಯದೆ ಎಲ್ಲಕ್ಕೂ ಸ್ಕ್ರೂಡ್ರೈವರ್ ಹಿಡಿಯುವವರೇ ಜಾಸ್ತಿ.

ಸದ್ದು ಯಾವಾಗ ಬರುತ್ತದೆ ಅನ್ನುವುದನ್ನೂ ಗಮನಿಸಿ. ಡ್ಯಾಶ್‌ಬೋರ್ಡಿಗೆ ಬಳಸುವ ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ 50 ಡಿಗ್ರಿ ಬಿಸಿಯೇರಿದರೆ ಸುಮಾರು 3ರಿಂದ 5 ಮಿಲಿಮೀಟರ್ ಬೆಳೆಯುತ್ತದೆ, ಒಳಗೆ ಅದನ್ನು ಹೊತ್ತಿರುವ ಉಕ್ಕಿನ ಪೈಪು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಮೈ 70 ಡಿಗ್ರಿ ದಾಟುವುದು ಹೊಸದಲ್ಲ, ಡಿಸೆಂಬರ್ ಮುಂಜಾನೆ ಅದೇ ಮೇಲ್ಮೈ 10ರ ಆಸುಪಾಸು. ಹಾಗಾಗಿ ಬೆಳಗ್ಗೆ ಮಾತ್ರ ಕಿರ್ ಅಂದು, ಗಾಡಿ ಬಿಸಿಯಾದ ಮೇಲೆ ನಿಂತುಹೋಗುವ ಸದ್ದಿದ್ದರೆ ಅದು ಪ್ಲಾಸ್ಟಿಕ್ಕಿನದೇ. ಹೊತ್ತುಗೊತ್ತಿಲ್ಲದೆ ಹಂಪ್ ಸಿಕ್ಕಾಗೆಲ್ಲ ಬಡಿಯುವುದಾದರೆ ಬೇರೆ ಕಡೆ ಹುಡುಕಬೇಕು.

ನಿಂತಲ್ಲೇ ಒಂದು ಪರೀಕ್ಷೆ ಮಾಡಿ. ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ವೇಗ ನಿಧಾನಕ್ಕೆ 2,000 ಆರ್‌ಪಿಎಂ ತನಕ ಏರಿಸಿ. ನಡುವೆ ಒಂದು ಹಂತದಲ್ಲಿ ಮಾತ್ರ ಗುಂಯ್ ಅಂತ ನಡುಗಿ ಆಮೇಲೆ ನಿಂತರೆ ಇಂಜಿನ್ ಕೂತಿರುವ ಫೌಂಡೇಶನ್ ರಬ್ಬರ್ ನೋಡಿಸಿ. ಸವೆದ ಫೌಂಡೇಶನ್ ಇಂಜಿನ್ನಿನ ನಡುಕವನ್ನು ಸೀದಾ ಬಾಡಿಗೆ ದಾಟಿಸುತ್ತದೆ, ಡ್ಯಾಶ್‌ಬೋರ್ಡಿನದು ಏನೂ ತಪ್ಪಿರುವುದಿಲ್ಲ. ಬ್ಲೋವರ್ ಹಾಕಿದಾಗ ಮಾತ್ರ ಪಟಪಟ ಅಂದರೆ ಒಳಗೆ ಒಣ ಎಲೆಯೋ ಕಾಗದದ ಚೂರೋ ಸೇರಿದೆ. ಗಾಡಿ ಚಾಲೂ ಮಾಡಿದ ಕೂಡಲೇ ಕೆಲವು ಸೆಕೆಂಡ್ ಟಿಕ್ ಟಿಕ್ ಟಿಕ್ ಅಂದು ನಿಲ್ಲುವುದು ಹೆಚ್ಚಾಗಿ ಎಸಿಯ ಫ್ಲಾಪ್ ತಿರುಗಿಸುವ ಪುಟ್ಟ ಮೋಟಾರಿನ ಹಲ್ಲು ಮುರಿದ ಗುರುತು. ಕೇಬಲ್ ಸ್ಪೀಡೋಮೀಟರಿನ ತೀರಾ ಹಳೇ ಗಾಡಿಯಾದರೆ ವೇಗದ ಜತೆ ಟಿಕ್‌ಟಿಕ್ ಕೂಡ ಏರುತ್ತದೆ, ಮುಳ್ಳು ನಡುಗುತ್ತದೆ. ಕೇಬಲ್ ಒಣಗಿದೆ ಅಂತ ಅರ್ಥ.

ಸಿಂಹಗಡ ರಸ್ತೆ ಕಡೆಯ ಒಬ್ಬರು, ಧಾರವಾಡದವರು, ಹೋದ ವರ್ಷ ಗಾಡಿ ತಂದಿದ್ದರು. "ಅಣ್ಣಾರ, ಮೀಟರ್ ಹಿಂದ ಯಾರೋ ಕುಂತು ಚಮಚಾ ಬಡದಂಗ ಆಗ್ತದ ನೋಡ್ರಿ" ಅಂದರು. ಬೇರೆ ಗ್ಯಾರೇಜಿನವರು ಡ್ಯಾಶ್‌ಬೋರ್ಡ್ ಇಳಿಸಬೇಕು, ಎರಡು ದಿನ ಗಾಡಿ ಬಿಡಬೇಕು ಅಂದಿದ್ದರಂತೆ. ನಾನು ಬಾನೆಟ್ಟಿನ ಬಲ ಮೂಲೆ ಮೇಲೆ ಅಂಗೈ ಇಟ್ಟು ಒತ್ತಿದೆ. ಟಕ್. ಬಿಟ್ಟೆ, ಮತ್ತೆ ಒತ್ತಿದೆ, ಟಕ್. ಬಾನೆಟ್ ಮುಚ್ಚಿದಾಗ ಅದು ಕೂರಲಿ ಅಂತ ಎರಡೂ ಮೂಲೆಯಲ್ಲಿ ತಿರುಗಿಸಿ ಏರಿಸಿ ಇಳಿಸುವ ರಬ್ಬರ್ ಗುಬ್ಬಿ ಇರುತ್ತದೆ. ವರ್ಷಗಟ್ಟಲೆ ಒತ್ತಿ ಒತ್ತಿ ಅದು ಚಪ್ಪಟೆಯಾಗಿತ್ತು. ಬಾನೆಟ್ ತಗಡು ಸಣ್ಣಗೆ ಕುಣಿಯುತ್ತಿತ್ತು, ಆ ಬಡಿತ ಬಾಡಿ ಹಿಡಿದು ಒಳಗೆ ಬಂದು ಮೀಟರ್ ಹಿಂದೆ ಕೇಳುತ್ತಿತ್ತು. ಗುಬ್ಬಿಯನ್ನು ಒಂದೆರಡು ಸುತ್ತು ಮೇಲಕ್ಕೆ ತಿರುಗಿಸಿ, ಮೇಲೆ ಒಂದು ಕಾಗದದ ಪಟ್ಟಿ ಇಟ್ಟು, ಬಾನೆಟ್ ಮುಚ್ಚಿ ಎಳೆದು ನೋಡಿದೆ. ಪಟ್ಟಿ ಸಲೀಸಾಗಿ ಜಾರಿ ಬಂದರೆ ಇನ್ನೂ ಏರಿಸಬೇಕು. ಬಿಗಿಯಾಗಿ ಹಿಡಿದುಕೊಂಡರೆ ಸಾಕು, ಅತಿಯಾದರೆ ಲಾಕ್ ಬೀಳುವುದಿಲ್ಲ. ಒಂದು ಸುತ್ತು ಹೋಗಿ ಬಂದವರು ನಕ್ಕರು: "ಇಷ್ಟಕ್ಕ ಅವ್ರು ಪೂರಾ ಬಿಚ್ಚತೀನಿ ಅಂದಿದ್ರಲ್ಲರೀ!"

ಹೊರಗಿನಿಂದ ಬರುವ ಸದ್ದು ಇನ್ನೂ ಇವೆ. ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬೆರಳಿಂದ ಉದ್ದಕ್ಕೂ ಒತ್ತುತ್ತಾ ಹೋಗಿ. ಮುಂದಿನ ಗಾಜು ಬದಲಿಸಿದ ಗಾಡಿಗಳಲ್ಲಿ ಇದರ ಲಾಕುಗಳು ಅರ್ಧಂಬರ್ಧ ಕೂತಿರುವುದು ತೀರಾ ಸಾಮಾನ್ಯ. ಚಿಕ್ಕ ಗುಂಡಿಗೂ ಗುಡುಗುಡು ಅಂದರೆ ಸಸ್ಪೆನ್ಶನ್ನಿನ ಸ್ಟೆಬಿಲೈಸರ್ ಲಿಂಕ್, ಸ್ಟ್ರಟ್ ಮೌಂಟಿಂಗ್ ತೋರಿಸಿ. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿದ್ದರೆ ಅದು ಮಾಡುವ ಕಿರ್ ಕಿರ್ ಕೇಳಿಸುವುದು ಗಾಜಿನ ಪಕ್ಕದ ಕಂಬದ ಹತ್ತಿರ, ಥೇಟ್ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಬೀಡಿಂಗ್ ಒರೆಸಿ, ಅದು ಒದ್ದೆ ಇರುವಾಗಲೇ ಗಾಡಿ ಓಡಿಸಿ. ಸದ್ದು ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಕಳ್ಳ ಸಿಕ್ಕ. ತೊಳೆದು ಒಣಗಿಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಮುಗಿಯಿತು.

ಇದೆಲ್ಲ ದಾಟಿ ಬಂದರೆ ಆಗ ಡ್ಯಾಶ್‌ಬೋರ್ಡ್. ಸದ್ದು ಹುಡುಕಲು ಹೈವೇಗೆ ಹೋಗಬೇಡಿ. ಪೇವರ್ ಬ್ಲಾಕ್ ಹಾಸಿದ ಪೇಟೆಯ ಓಣಿಯಲ್ಲಿ ಇಪ್ಪತ್ತರ ವೇಗದಲ್ಲಿ ಹೋದರೆ ಸಾಕು, ಇರುವ ಸದ್ದೆಲ್ಲ ಹೊರಗೆ ಬರುತ್ತದೆ. ಒಬ್ಬರು ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಲಿ: ಎಸಿ ಜಾಲರಿ, ಮೀಟರ್ ಮೇಲಿನ ಟೊಪ್ಪಿ, ಸ್ಟೀರಿಯೋ ಸುತ್ತಲಿನ ಫ್ರೇಮ್, ಗ್ಲವ್ ಬಾಕ್ಸ್ ಮುಚ್ಚಳ. ಓಡಿಸುವವರೇ ಒತ್ತಿ ನೋಡುವ ಸಾಹಸ ಬೇಡ. ಒತ್ತಿದಾಗ ಸದ್ದು ನಿಂತ ಕಡೆ ಸಂದಿಗೆ ಒಂದು ವಿಸಿಟಿಂಗ್ ಕಾರ್ಡ್ ಮಡಚಿ ಸಿಕ್ಕಿಸಿ. ಆಗಲೂ ಸುಮ್ಮನಾದರೆ ಜಾಗ ಪಕ್ಕಾ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ರಿವರ್ಸ್ ಕ್ಯಾಮೆರಾ, ಸಿಎನ್‌ಜಿ ಕಿಟ್ ಇರುವ ಗಾಡಿಯಾದರೆ ನನ್ನ ಅನುಮಾನ ಮೊದಲು ಸ್ಟೀರಿಯೋ ಹಿಂದಕ್ಕೇ ಹೋಗುತ್ತದೆ. ಅಲ್ಲಿ ಕಟ್ಟದೆ ಬಿಟ್ಟ ವೈರಿನ ಕನೆಕ್ಟರ್‌ಗಳು ಪ್ಲಾಸ್ಟಿಕ್ಕಿಗೆ ಬಡಿಯುತ್ತಿರುತ್ತವೆ.

ಜಾಗ ಸಿಕ್ಕ ಮೇಲೆ ಏನು ಹಾಕಬೇಕು? ಸಂದಿಗೆ ಫೆಲ್ಟ್ (ಉಣ್ಣೆಯಂಥ ಮೆತ್ತನೆ ಬಟ್ಟೆ) ಟೇಪ್, ವೈರಿಗೆ ಬಟ್ಟೆಯ ವೈರಿಂಗ್ ಟೇಪ್. ಎರಡೂ ಪುಣೆಯ ನಾನಾ ಪೇಠ್ ಬಡಾವಣೆಯ ಸ್ಪೇರ್ ಅಂಗಡಿಗಳಲ್ಲಿ ಕೇಳಿ ನೋಡಿ. ಅಗ್ಗದ ಫೋಮ್ ಟೇಪ್ ಬೇಡ. ನಮ್ಮ ಬಿಸಿಲು, ಮಳೆ ಎರಡಕ್ಕೂ ಸಿಕ್ಕಿ ಪುಡಿಯಾಗುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ಸೈಕಲ್ ಟ್ಯೂಬಿನ ತುಂಡು ತುರುಕುವವರೂ ಇದ್ದಾರೆ, ಆದರೆ ರಬ್ಬರ್ ಪ್ಲಾಸ್ಟಿಕ್ಕಿಗೆ ಉಜ್ಜಿ ತಾನೇ ಕಿರುಗುಟ್ಟಲು ಶುರು ಮಾಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ನಾಲ್ಕು ದಿನ ನೆಮ್ಮದಿ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಜೋರು. ಫೆವಿಕ್ವಿಕ್ ಬಗ್ಗೆ ನನಗೆ ಸಿಟ್ಟೇ ಇದೆ: ಅಂಟು ಗಾಜಿನಂತೆ ಗಡುಸಾಗಿ ನಡುಕಕ್ಕೆ ಬಿರುಕು ಬಿಡುತ್ತದೆ, ಸುತ್ತ ಬಿಳಿ ಕಲೆ ಬೇರೆ. ಮುರಿದ ಗೂಟ ಕೂಡಿಸಲೇಬೇಕಾದರೆ ಭಾಗದ ಹಿಂಬದಿ ತಿರುಗಿಸಿ ಓದಿ. ಪಿಪಿ ಅಥವಾ ಎಬಿಎಸ್ (ಇದು ಇನ್ನೊಂದು ಬಗೆಯ ಪ್ಲಾಸ್ಟಿಕ್) ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಎಬಿಎಸ್ ಅಸಿಟೋನಿನಲ್ಲಿ ಕರಗುವುದರಿಂದ ಅದೇ ಪ್ಲಾಸ್ಟಿಕ್ಕಿನ ಚೂರು ಕರಗಿಸಿ ಅಂಟಿಸಬಹುದು. ಪಿಪಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಬಿಸಿ ವೆಲ್ಡಿಂಗ್ ಒಳ್ಳೆಯ ದಾರಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಮುಚ್ಚಳದ ಅಂಚಿಗೆ ಟೇಪು, ಅಂಟು, ಕಾರ್ಡು ಏನೂ ಹಾಕಬೇಡಿ. ಆ ಮುಚ್ಚಳ ಕಣ್ಣು ಮಿಟುಕಿಸುವುದರೊಳಗೆ ಹರಿದುಕೊಂಡು ತೆರೆಯಬೇಕು. ಅದರ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸಿದ ಗಣಪನ ಮೂರ್ತಿ ಆಗ ಎಲ್ಲಿಗೆ ಹಾರುತ್ತದೆ ಅಂತ ಯೋಚಿಸಿ. ಬಪ್ಪನನ್ನು ನಡುವಿನ ಭಾಗಕ್ಕೆ ಕೂರಿಸಿ, ಏನೂ ಅಂದುಕೊಳ್ಳುವುದಿಲ್ಲ. ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ. ಆ ಜಾಗದ ಕೆಲಸವನ್ನು ಬ್ಯಾಟರಿಯ ಮೈನಸ್ ಬಿಚ್ಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು, ತಿಳಿದವರೇ ಮಾಡಲಿ.

ಹಾಗಾದರೆ ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸುವುದು ಯಾವಾಗ? ಬರೀ ಸದ್ದಿಗೆ ಅಂತ ನಾನು ಇಳಿಸುವುದು ತೀರಾ ಅಪರೂಪ. ಆದರೆ ಹಳೇ ಗಾಡಿಗಳಲ್ಲಿ ಎಸಿಯ ಕೂಲಿಂಗ್ ಕಾಯಿಲ್ ಸೋರುವುದು ಇದ್ದೇ ಇದೆ, ಅದಕ್ಕೆ ಬಹಳಷ್ಟು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಹೇಗೂ ಇಳಿಯುತ್ತದೆ. ಆ ದಿನ ಗ್ಯಾರೇಜಿಗೆ ಹೊಸ ಲಾಕುಗಳನ್ನೂ ಒಂದು ರೋಲ್ ಫೆಲ್ಟ್ ಟೇಪನ್ನೂ ನೀವೇ ಒಯ್ದು ಕೊಡಿ. ಮತ್ತೆ ಕೂರಿಸುವ ಮುಂಚೆ ಉಕ್ಕಿನ ಪೈಪಿಗೆ ತಾಗುವ ಕಡೆಯೆಲ್ಲ ಟೇಪ್ ಹಾಕಲು ಹೇಳಿ, ಬಿಚ್ಚಿದ ಸ್ಕ್ರೂಗಳೆಲ್ಲ ವಾಪಸ್ ಹೋದವಾ ಅಂತ ಕೇಳಿ, ಅಲ್ಲೇ ಹತ್ತಿರದ ಪೇವರ್ ಬ್ಲಾಕ್ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆಯೇ ದುಡ್ಡು ಕೊಡಿ.