ಬಡ್ಡಿಗೆ ಮಿತಿ ಇದೆ, ಆದರೆ ಯಾರ ಬಡ್ಡಿಗೆ?

ಮಂಡ್ಯದ ಕಡೆ ಯಾರನ್ನು ಕೇಳಿದರೂ ‘ಹೊಸ ಕಾನೂನು ಬಂತಲ್ಲ, ಇನ್ನು ಜಾಸ್ತಿ ಬಡ್ಡಿ ಹಾಕೋ ಹಾಗಿಲ್ಲ’ ಅನ್ನುತ್ತಾರೆ. ವಿಷಯ ಅಷ್ಟು ಸಲೀಸಿಲ್ಲ. 2025ರ ಕಾನೂನು ಮುಖ್ಯವಾಗಿ ವಸೂಲಿ ಕಿರುಕುಳದ ಬಗ್ಗೆ. ಬಡ್ಡಿ ಎಷ್ಟಿರಬೇಕು ಅನ್ನೋದು ಸಾಲ ಕೊಟ್ಟವರು ಯಾರು ಅನ್ನೋದರ ಮೇಲೆ ನಿಂತಿದೆ.

ಹಳೇ ಕಥೆ ಚಿಕ್ಕದು. ವಿಪರೀತ ಬಡ್ಡಿಯನ್ನು ಕೋರ್ಟು ಇಳಿಸಬಹುದು ಅಂತ 1918ರಲ್ಲೇ ಕಾಯ್ದೆ ಬಂತು, 1961ರಲ್ಲಿ ಲೇವಾದೇವಿಗೆ ಲೈಸೆನ್ಸ್ ಬಂತು, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಬಡವರ ಕೈಸಾಲ ಮನ್ನಾ ಆಯ್ತು, 2004ರಲ್ಲಿ ಮೀಟರ್ ಬಡ್ಡಿ ತಡೆಯೋಕೆ ಇನ್ನೊಂದು ಕಾಯ್ದೆ. ಲೈಸೆನ್ಸ್ ಇರುವ ಲೇವಾದೇವಿಯವರಿಗೆ ಮಿತಿ ವರ್ಷಕ್ಕೆ ಶೇ 14, ಅಡಮಾನ ಇಲ್ಲದಿದ್ದರೆ ಶೇ 16.

ಈ 16 ಅನ್ನೋದನ್ನು ವಾರದ ಸಾಲದ ಪಕ್ಕ ಇಟ್ಟು ನೋಡಿ. ಹತ್ತು ಸಾವಿರ ಕೇಳಿದರೆ ಬಡ್ಡಿ ಮುರಿದುಕೊಂಡು ಕೈಗೆ ಕೊಡೋದು 8,500. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ‘ನೂರಕ್ಕೆ ಹದಿನೈದೇ ಅಲ್ವಾ’ ಅನ್ನಿಸುತ್ತೆ, ಕಾನೂನಿಗಿಂತ ಒಂದು ಕಮ್ಮಿಯೇ! ಆದರೆ ಅದು ಹತ್ತು ವಾರದ ಲೆಕ್ಕ, ಅಸಲೂ ವಾರವಾರ ಕರಗುತ್ತಾ ಹೋಗುತ್ತೆ, ಕೂತು ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 150 ದಾಟುತ್ತೆ. ಕಬ್ಬಿನ ಬಿಲ್ ತಡವಾಗಿ, ಸ್ಕೂಲ್ ಫೀಸಿನ ದಿನ ಬಂದು ನಿಂತಾಗ ಯಾರು ಕೂತು ಲೆಕ್ಕ ಹಾಕುತ್ತಾರೆ ಹೇಳಿ.

ಆಮೇಲೆ ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್. 2010ರಲ್ಲಿ ಆಂಧ್ರದಲ್ಲಿ ಈ ಸಾಲದ ವಸೂಲಿ ಕಿರುಕುಳದಿಂದ ಗಲಾಟೆಯಾದ ಮೇಲೆ ಆರ್‌ಬಿಐ 2011ರಲ್ಲಿ ಶೇ 26ರ ಮಿತಿ ಹಾಕಿತು. ಮುಂದೆ ಲೆಕ್ಕದ ರೀತಿ ಬದಲಾಗಿ, 2022ರ ಏಪ್ರಿಲ್‌ನಲ್ಲಿ ಮಿತಿಯನ್ನೇ ತೆಗೆಯಿತು: ದರ ಕಂಪನಿ ಬೋರ್ಡೇ ಇಡಲಿ, ಆದರೆ ವಿಪರೀತ ಆಗಬಾರದು, ಮನೆಯ ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ವಿಪರೀತ ಅಂದರೆ ಎಷ್ಟು? ಅಂಕಿ ಇಲ್ಲ. ಅದೇ ವರ್ಷ ಮೇ ತಿಂಗಳಲ್ಲಿ, ಆರ್‌ಬಿಐ ನೋಂದಣಿ ಇರುವ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ 14, 16ರ ಮಾತೂ ಅವರಿಗಿಲ್ಲ. ಆ್ಯಪ್‌ನಲ್ಲಿ ಸಂಬಳಕ್ಕೆ ಮುಂಚೆ ಸಾಲ ಕೊಡುವ ಇಂಥ ಕಂಪನಿಗಳಿಗೂ ಇದೇ ದಾರಿ, ವಾರ್ಷಿಕ ದರ ಮೊದಲೇ ತೋರಿಸಬೇಕು ಅಷ್ಟೇ ಅಲ್ಲ, ವಿಪರೀತವೂ ಆಗಬಾರದು, ಆದರೆ ಅಂಕಿಯ ಮಿತಿ ಇಲ್ಲ.

ಇನ್ನು ಆ ಹೊಸ ಕಾನೂನು. ಅದು ಮೊದಲು ಬಂದಿದ್ದು 2025ರ ಫೆಬ್ರವರಿಯ ಸುಗ್ರೀವಾಜ್ಞೆಯಾಗಿ. ಅದನ್ನು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದ್ದರು, ಹತ್ತು ವರ್ಷ ಜೈಲು, 5 ಲಕ್ಷ ದಂಡ ಜಾಸ್ತಿಯಾಯಿತು ಅಂತ. ಕೊನೆಗೆ ಸಹಿ ಬಿತ್ತು. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆ ಅಂತ ಅದರಲ್ಲಿದೆ. ಆದರೆ ಸಾಲ ಕೊಟ್ಟಿದ್ದಕ್ಕೆ ಚೀಟಿಯೂ ಇಲ್ಲ, ರಸೀದಿಯೂ ಇಲ್ಲ, ಇರೋದು ಅವರ ಹತ್ತಿರ ನಮ್ಮ ಖಾಲಿ ಚೆಕ್ ಮಾತ್ರ.