ತುಮಕೂರು ಕಡೆ ಎ.ಎ. ಮೀಟಿಂಗ್ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮೂರು ಗುಬ್ಬಿ ಹತ್ತಿರ. ಕುಡಿತ ಬಿಡಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎ.ಎ. ಮೀಟಿಂಗ್‌ಗೆ ಹೋಗು ಅಂತ ಸ್ನೇಹಿತರೊಬ್ಬರು ಹೇಳಿದರು. ಅದು ಎಲ್ಲಿ ನಡೆಯುತ್ತೆ ಅಂತ ಪತ್ತೆ ಮಾಡೋದು ಹೇಗೆ? ಪರಿಚಯದವರು ಯಾರಾದರೂ ನೋಡಿಬಿಟ್ಟರೆ?

ಉತ್ತರ: ವಿಳಾಸ ಹಿಡಿದು ನೇರವಾಗಿ ಹೊರಡಬೇಡಿ, ಮೊದಲು ಫೋನ್ ಮಾಡಿ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಇದಕ್ಕೆ ಸಾಮಾನ್ಯವಾಗಿ ಸ್ವಂತ ಕಟ್ಟಡ ಇರುವುದಿಲ್ಲ, ಬೀದಿಗೆ ಕಾಣುವಂಥ ಬೋರ್ಡೂ ಇರುವುದಿಲ್ಲ. ಯಾವುದೋ ಶಾಲೆಯ ಕೋಣೆಯಲ್ಲೋ, ಚರ್ಚ್‌ನ ಹಾಲ್‌ನಲ್ಲೋ, ಆಸ್ಪತ್ರೆಯ ಒಂದು ರೂಮಿನಲ್ಲೋ ಸಂಜೆ ಹೊತ್ತು ಸೇರುತ್ತಾರೆ. ಜಾಗ, ದಿನ, ಸಮಯ ಬದಲಾಗುತ್ತಿರುತ್ತವೆ. ಹಳೇ ಪಟ್ಟಿ ನಂಬಿಕೊಂಡು ಹೋಗಿ, ಬಾಗಿಲಿಗೆ ಬೀಗ ನೋಡಿ ವಾಪಸ್ ಬಂದರೆ ಮನಸ್ಸು ಮುರಿಯುತ್ತದೆ. ಹಾಗೆ ಮುರಿದ ಮನಸ್ಸು ಆ ಸಂಜೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಎ.ಎ. ಇಂಡಿಯಾದ ಅಧಿಕೃತ ವೆಬ್‌ಸೈಟಿನಲ್ಲಿ ಸಹಾಯವಾಣಿ ನಂಬರ್‌ಗಳಿವೆ. ಫೋನ್ ಎತ್ತುವವರು ಸಾಮಾನ್ಯವಾಗಿ ತಾವೂ ಕುಡಿತ ಬಿಟ್ಟವರೇ. ಗುಬ್ಬಿಗೆ, ತುಮಕೂರಿಗೆ ಹತ್ತಿರ ಯಾವ ಗುಂಪಿದೆ, ಕನ್ನಡದ ಮೀಟಿಂಗ್ ಯಾವುದು, ಅಲ್ಲಿಗೆ ಬಂದಾಗ ಯಾರನ್ನು ಕೇಳಬೇಕು, ಈ ಮೂರನ್ನು ಕೇಳಿಕೊಳ್ಳಿ. ಫೋನಿನಲ್ಲೇ ಸೇರಬಹುದಾದ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಬಸ್ಸಿಲ್ಲದ ಊರಿನವರಿಗೆ ಅದು ದೊಡ್ಡ ಅನುಕೂಲ.

ಇನ್ನು ನಿಮ್ಮ ಭಯದ ಮಾತು. ಅದು ಸಣ್ಣದಲ್ಲ. ನಮ್ಮ ಕಡೆ ಕುಡಿಯುವವನನ್ನು ಊರೆಲ್ಲ ನೋಡಿರುತ್ತದೆ, ಆದರೂ ಬಿಡಲು ಹೊರಟಾಗಲೇ ನಾಚಿಕೆ ಬರುತ್ತದೆ, ಅಲ್ವಾ? ಅಲ್ಲಿ ನಿಮ್ಮ ಪೂರ್ತಿ ಹೆಸರು, ವಿಳಾಸ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಸುಮ್ನೆ ಒಂದು ಹೆಸರು ಹೇಳಿದರೆ ಸಾಕು. ಅಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವುದು ಅವರ ಬುನಾದಿ. ಕುಡಿತದ ತೊಂದರೆ ಇರುವವರಿಗೆ ಮಾತ್ರ ಅಂತ ನಡೆಯುವುದು ಕ್ಲೋಸ್ಡ್ ಮೀಟಿಂಗ್. ಮನೆಯವರೂ ಬಂದು ಕೂರಬಹುದಾದದ್ದು ಓಪನ್ ಮೀಟಿಂಗ್. ಯಾವುದು ಅಂತ ಫೋನಿನಲ್ಲೇ ಕೇಳಿ. ಆದರೂ ಅಳುಕು ಹೋಗದಿದ್ದರೆ ಬೆಂಗಳೂರಿಗೆ ಹೋಗಿ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್, ಗುಬ್ಬಿಯಿಂದಲೇ ರೈಲಿದೆ, ಅಲ್ಲಿ ಗುಂಪುಗಳೂ ಜಾಸ್ತಿ. ಧೈರ್ಯ ಬಂದಮೇಲೆ ಹತ್ತಿರದ ಗುಂಪಿಗೆ ಬಂದರಾಯಿತು.

ಒಳಗೆ ಹೋದರೆ ಏನಾಗುತ್ತದೆ? ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಅದನ್ನು ಶೇರಿಂಗ್ ಅನ್ನುತ್ತಾರೆ. ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನೀವು ಮಾತಾಡದೆ ಕೇಳಿಸಿಕೊಂಡು ಬರಬಹುದು. ಫೀಸ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿಯೋ ಚೀಲವೋ ಬರುತ್ತದೆ, ಇಷ್ಟ ಇದ್ದರೆ ಹಾಕಬಹುದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ಬೇಸತ್ತ ಇಬ್ಬರು, ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರ್, ಒಬ್ಬರಿಗೊಬ್ಬರು ಮಾತಾಡುತ್ತಾ ಕುಡಿಯದೆ ಉಳಿದರು. ಅಲ್ಲಿಂದ ಶುರುವಾದದ್ದು ಇದು. ಇವತ್ತಿಗೂ ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅಂತ ಯಾರೂ ಹೇರುವುದಿಲ್ಲ. ಮೊದಲ ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೊಂದು ಗುಂಪಿನ ಸ್ವಭಾವ ಒಂದೊಂದು ಥರ.

ಒಂದು ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ದಿನವೂ ಕುಡಿಯುವವರಾಗಿದ್ದು, ಬೆಳಗ್ಗೆ ಎದ್ದಾಗ ಕೈ ನಡುಗುತ್ತಿದ್ದರೆ, ಆಣೆ ಮಾಡಿ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸಬಹುದು, ಗುರುತು ಪರಿಚಯ ತಪ್ಪಬಹುದು. ಜೀವಕ್ಕೇ ಅಪಾಯ. ಮನೆಯಲ್ಲಿ ಹಾಗೇನಾದರೂ ಆದರೆ ಕಾಯದೆ 108ಕ್ಕೆ ಫೋನ್ ಮಾಡಲಿ. ಇದನ್ನು ತಡೆಯಲು ಮಾತ್ರೆಗಳಿವೆ, ಡಾಕ್ಟರ್ ಕೆಲವು ದಿನ ಕೊಟ್ಟು ಕಡಿಮೆ ಮಾಡುತ್ತಾ ಬರುತ್ತಾರೆ. ತುಮಕೂರಿನ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಮೀಟಿಂಗ್ ಮತ್ತು ಔಷಧಿ ಒಂದಕ್ಕೊಂದು ಅಡ್ಡಿಯಲ್ಲ. ಎರಡೂ ನಡೆಯಲಿ.

ಹಳ್ಳಿಗಳಲ್ಲಿ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಿರಲಿ ಅಂತ ನವಜೀವನ ಸಮಿತಿಗಳಿವೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಆಮೇಲಿನ ಈ ಸೇರುವಿಕೆಯೇ ಮುಖ್ಯ. ಎಂಟು ದಿನ ಬಿಟ್ಟವರು ಬೇಕಾದಷ್ಟಿದ್ದಾರೆ. ಒಂಬತ್ತನೇ ದಿನ ಊರಿಗೆ ಬಂದು, ಅದೇ ಅಂಗಡಿ ಮುಂದೆ ನಡೆಯಬೇಕಲ್ಲ, ಆಗ ಜೊತೆಗೆ ಜನ ಬೇಕು.

ಯಾರನ್ನು ಕೇಳುವುದು ಅಂತಲೇ ಗೊತ್ತಾಗದಿದ್ದರೆ 14446 ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ. ರಾತ್ರಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಒಂದು ಮಾತು. ಅವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ, ನೀವು ಬಿಟ್ಟರೂ ಬಿಡದಿದ್ದರೂ ಅವರು ಹೋಗಬಹುದು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಹನಿ ಅಂತ ಜಾಹೀರಾತು ಬರುತ್ತವಲ್ಲ, ಅವನ್ನು ಖಂಡಿತ ತರಬಾರದು. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಂನಂಥ ಮಾತ್ರೆ ಹೊಟ್ಟೆಯಲ್ಲಿದ್ದಾಗ ಮದ್ಯ ಬಿದ್ದರೆ ಎದೆ ಹೊಡೆದುಕೊಂಡು, ಬಿಪಿ ಕುಸಿದು ಪ್ರಾಣ ಹೋಗಬಹುದು. ನುಂಗುವವರಿಗೆ ತಿಳಿಸಿ, ಒಪ್ಪಿಸಿಯೇ ಡಾಕ್ಟರ್ ಅದನ್ನು ಕೊಡುವುದು.